ಯಾರು ಹ್ಯಾಂಗ ಉಂಡರು

ಎಕಂಬಾದ ಧೊಂಡಿಬಾ ಕಣ್ಣು ಹಳದಿಯಾಗುವ ಕಾಮಣಿಗೆ ಮದ್ದು ಕೊಡುವುದು ವಾರಕ್ಕೆ ಒಂದೇ ದಿನ, ಗುರುವಾರ. ಬುಧವಾರ ಸಂಜೆಯೇ ಅವನ ಸೊಸೆ ಸಿದ್ದೇಶ್ವರಿಗೆ ರಟ್ಟೆ ನೋಯಲು ಶುರುವಾಗುತ್ತಿತ್ತು. ಮದ್ದಿಗೆ ಅವಳು ಕೈ ಹಚ್ಚುತ್ತಿರಲಿಲ್ಲ. ಬದುವಿನ ಮೇಲಿಂದ ಸೊಪ್ಪು ಕಿತ್ತು ತರುವುದು, ಅರೆಯುವುದು, ಆಡಿನ ಹಾಲಿನಲ್ಲಿ ಕಲಸಿ ಕುಡಿಸುವುದು ಎಲ್ಲವೂ ಮಾವನ ಕೆಲಸ. ಆದರೆ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮೊದಲ ಸಲ ಬಂದ ರೋಗಿಗೆ ಊಟ ಹಾಕದೆ ಮದ್ದು ಕೊಡುವಂತಿರಲಿಲ್ಲ. ರೋಗಿಯೊಂದಿಗೆ ಒಬ್ಬಿಬ್ಬರು ಬಂದೇ ಬರುತ್ತಾರೆ. ರೋಗಿಗೆ ಹಾಕಿ ಅವರನ್ನು ಹಾಗೇ ಕೂಡಿಸಲು ಬರುವುದಿಲ್ಲ. ಮಳೆಗಾಲದಲ್ಲಿ ನೀರು ಕೆಟ್ಟು ಕಾಮಣಿ ಹೆಚ್ಚಾದಾಗ ಒಂದು ಗುರುವಾರಕ್ಕೆ ಐವತ್ತು ರೊಟ್ಟಿ ಬಡಿದ ದಿನಗಳೂ ಇದ್ದವು.

ಊಟವೂ ಹೀಗೇ ಇರಬೇಕೆಂಬ ನಿಯಮ. ಎರಡು ಜೋಳದ ರೊಟ್ಟಿ, ತೊಗರಿ ಬೇಳೆ, ಬೇಳೆಯ ಮೇಲೆ ಒಂದು ದೊಡ್ಡ ಚಮಚ ಕುಸುಬಿ ಎಣ್ಣೆ. ಅಂದು ಉಂಡದ್ದೇ ಕಡೆಯ ಎಣ್ಣೆ. ಮುಂದೆ ಮೂರು ವಾರ ಎಣ್ಣೆ, ಖಾರ, ಕರಿದದ್ದು ಬಂದ್. ಉಂಡ ಮೇಲೆ ರೋಗಿ ಮಧ್ಯಾಹ್ನದ ತನಕ ಬೇವಿನ ಮರದ ಕೆಳಗೆ ಕೂರಬೇಕು, ಬಯಲಿಗೆ ಹೋಗಿ ಬರಬೇಕು. ಗಂಡಸರಾದರೆ ಧೊಂಡಿಬಾ ಕೋಲು ಹಿಡಿದು ಹಿಂದೆ ಹೋಗುತ್ತಿದ್ದ. ಹೆಂಗಸರಾದರೆ ಅವನ ಹೆಂಡತಿ ಸಖುಬಾಯಿ ತಂಬಿಗೆ ಹಿಡಿದು ಹೋಗುತ್ತಿದ್ದಳು. ಊರ ಹುಡುಗರು ಇದನ್ನು ಕಂಡು ನಗುತ್ತಿದ್ದರು.

ಆಮೇಲೆ ಧೊಂಡಿಬಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಸೊಸೆಯನ್ನು ಕೇಳುತ್ತಿದ್ದ:

"ಇವತ್ತ ಯಾರು ಹ್ಯಾಂಗ ಉಂಡರು, ಸಿದ್ದವ್ವಾ?"

ಇಪ್ಪತ್ತೊಂದು ವರ್ಷದಿಂದ ಅದೇ ಪ್ರಶ್ನೆ. ಬಂದವರಿಗೆ ಮನೆಯ ಸೊಸೆ ಸರಿಯಾಗಿ ನೀಡಿದಳೋ ಇಲ್ಲವೋ ಎಂದು ವಿಚಾರಣೆ ಮಾಡುತ್ತಾನೆ ಎಂದು ಸಿದ್ದೇಶ್ವರಿ ತಿಳಿದಿದ್ದಳು. ಅದಕ್ಕೇ ಒಂದೊಂದು ತಟ್ಟೆಯ ಲೆಕ್ಕವನ್ನೂ ಬಿಡದೆ, ಸ್ವಲ್ಪ ಸಿಟ್ಟಿನಿಂದಲೇ ಒಪ್ಪಿಸುತ್ತಿದ್ದಳು.

ಈ ವರ್ಷ ಆಷಾಢದ ಒಂದು ಗುರುವಾರ ಔರಾದಿನ ದರ್ಜಿ ಅಬ್ದುಲ ಸಮದ ಬಂದಿದ್ದ. ಅವತ್ತಿನ ಪ್ರಶ್ನೆಗೆ ಅವಳು ಹೇಳಿದಳು:

"ಆ ದರ್ಜಿ ಒಂದೂವರಿ ರೊಟ್ಟಿ ಬಿಟ್ಟಾನ. ಬ್ಯಾಳಿಗಿ ರೊಟ್ಟಿ ಅದ್ದಿ ನಾಕು ತುತ್ತು ಉಂಡ, ಬಲಕಿನ ಪಕ್ಕಿ ಹಿಡ್ಕೊಂಡು ಕುಂತ. ಮಾರಿ ಹಿಂಡಿದ. ನಾ ಮಾಡಿದ್ದು ಅಷ್ಟು ಕೆಟ್ಟ ಆಗ್ಯಾದೇನ್ರಿ?"

"ಎಣ್ಣಿ ಹಾಕಿದ್ದಿ?"

"ಹಾಕೀನ್ರಿ."

ಧೊಂಡಿಬಾ ಮರದ ಕೆಳಗೆ ಹೋಗಿ ದರ್ಜಿಗೆ, "ಇದು ನಂದಲ್ಲಪ್ಪ. ಇವತ್ತೇ ಬೀದರಿಗಿ ದವಾಖಾನಿಗಿ ಹೋಗು. ನಾಳಿ ಅನ್ನಬ್ಯಾಡ," ಎಂದ. ದರ್ಜಿ ಕೈಮುಗಿದು ಬೇಡಿಕೊಂಡರೂ ಮದ್ದು ಕೊಡಲಿಲ್ಲ. ತಾನು ಮಾಡಿದ ಅಡುಗೆಗೆ ಮುಖ ಹಿಂಡಿದವನಿಗೆ ಮಾವ ಮದ್ದು ಕೊಡಲಿಲ್ಲ ಎಂದು ಸಿದ್ದೇಶ್ವರಿ ಒಳಗೊಳಗೇ ಹಿಗ್ಗಿದಳು. ವರ್ಷಕ್ಕೆ ಹತ್ತು ಹನ್ನೆರಡು ಜನರನ್ನು ಮಾವ ಹಾಗೆ ತಿರುಗಿಸಿ ಕಳಿಸುತ್ತಿದ್ದ. ಯಾಕೆಂದು ಅವಳು ಕೇಳಿರಲಿಲ್ಲ.

ಶ್ರಾವಣದಲ್ಲಿ ಮಗಳು ಸಪನಾ ರಜೆಗೆ ಬಂದಳು. ಬೀದರಿನಲ್ಲಿ ಆಯುರ್ವೇದ ವೈದ್ಯಕೀಯದ ಎರಡನೇ ವರ್ಷ. ತಾಯಿಯ ಪಕ್ಕದಲ್ಲಿ ಕೂತು ಹೆಸರುಬೇಳೆಯಲ್ಲಿ ಕಲ್ಲು ಆರಿಸುತ್ತ ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದಳು.

"ನಾಡಿ, ಮೂತ್ರ, ಮಲ, ಜಿಹ್ವಾ, ಶಬ್ದ, ಸ್ಪರ್ಶ, ದೃಕ್, ಆಕೃತಿ."

"ಏನದು?" ಎಂದು ಕಟ್ಟೆಯ ಮೇಲಿಂದ ಧೊಂಡಿಬಾ ಕೇಳಿದ.

"ರೋಗಿಗಿ ನೋಡೂ ಎಂಟು ಪರೀಕ್ಷಾ, ಮುತ್ಯಾ."

"ಎಂಟು ಆದವು. ಊಟಾ ಎಲ್ಲಿ ಹೋತು?"

"ಊಟಾ ಪರೀಕ್ಷಾ ಅಲ್ಲ. ಅದು ಪಥ್ಯದ ಪಾಠದಾಗ ಬರ್ತದ."

"ಪಾಠದಾಗರೆ ಬರ್ತದಲ್ಲ, ಛಲೋ ಆತು ಬಿಡು," ಎಂದು ಮುದುಕ ನಕ್ಕ.

ಸಿದ್ದೇಶ್ವರಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಎಷ್ಟೋ ದಿನದಿಂದ ಬಾಯಲ್ಲಿದ್ದ ಮಾತು.

"ಸಪನಾ, ನೀ ಕಲಿಯಾಕಿ, ಖರೇ ಹೇಳು. ಮದ್ದಿಗಿ ಮೊದಲ ಊಟಾ ಹಾಕಬೇಕಂತ ನಿಮ್ಮ ಪುಸ್ತಕದಾಗ ಎಲ್ಯಾರ ಅದ ಏನು?"

"ಇಲ್ಲವ್ವ. ಮುತ್ಯಾ ಕೊಡೂದು ನೆಲನೆಲ್ಲಿ. ಅದು ಖಾಲಿ ಹೊಟ್ಟ್ಯಾಗ ಕೊಡೂ ಮದ್ದು. ಇವ ಉಣ್ಣಿಸಿ ಕೊಡ್ತಾನ, ಮ್ಯಾಲ ಎಣ್ಣಿ ಬ್ಯಾರೆ. ಕಾಮಣಿ ಆದವ್ರಿಗಿ ಎಣ್ಣಿ ಕೊಡಬಾರದಂತ ಮೊದಲನೇ ವರ್ಷದವರಿಗೂ ಗೊತ್ತದ."

"ಕೇಳಿದ್ರ್ಯಾ, ಮಾವಾ?"

ಧೊಂಡಿಬಾ ಮೊಮ್ಮಗಳನ್ನು ನೋಡಿದ. ಮದ್ದಿನ ಹೆಸರನ್ನು ಅವನು ಈವರೆಗೆ ಮನೆಯಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಅದನ್ನು ಬದನೆಕಾಯಿ ಎಂದಷ್ಟೇ ಸಲೀಸಾಗಿ ಹೇಳಿಬಿಟ್ಟಿದ್ದಳು.

"ಎಲಿ ಗುರ್ತ ಹಿಡದಿ. ಶಾಣ್ಯಾಕಿ," ಎಂದ.

"ಊಟದ ಮಾತಿಗಿ ಏನಂತೀರಿ?" ಸಿದ್ದೇಶ್ವರಿ ಬಿಡಲಿಲ್ಲ.

"ನಮ್ಮ ದೊಡ್ಡಪ್ಪ ಹಾಕಿ ಕೊಟ್ಟಿದ್ದು. ನೀಡಬೇಕು, ನೋಡಬೇಕು. ಯಾಕಂತ ಕೇಳಬಾರದು."

"ಕೇಳಬಾರದು ಖರೇ. ರೊಟ್ಟಿ ಬಡಿಯಾಕಿ ನಾ ಅಲ್ಲೇನ್ರಿ."

ಪಂಚಮಿಯ ವಾರ ಜಗಳ ಹದ್ದುಮೀರಿತು. ಹಬ್ಬದ ಉಂಡೆ, ಕಡಬು ಮಾಡಿ ಮುಗಿಸುವಷ್ಟರಲ್ಲಿ ಹದಿನಾರು ಜನ ಬೇವಿನ ಕೆಳಗೆ ಕೂತಿದ್ದರು. ಗಂಡ ಶಿವಕಾಂತ ಕುರಿ ಹೊಡೆದುಕೊಂಡು ಚಿಂತಾಕಿಯ ಕಡೆ ಹೋಗಿ ಎರಡು ದಿನವಾಗಿತ್ತು. ಸಿದ್ದೇಶ್ವರಿ ಒಂದು ತಟ್ಟೆಗೆ ಎಣ್ಣೆ ಹಾಕುವುದನ್ನು ಮರೆತಳು. ಸಖುಬಾಯಿ ಆ ತಟ್ಟೆಯನ್ನು ಹಾಗೇ ಒಳಗೆ ತಂದು ಕುಕ್ಕಿದಳು.

"ಇಷ್ಟು ವರ್ಷ ಆತು, ಒಂದು ಚಮಚಾ ಎಣ್ಣಿ ನೆನಪಿಡೂದು ಆಗೂದಿಲ್ಲ?"

"ಆಗೂದಿಲ್ಲರಿ ಅತ್ತೀ. ನಿಮ್ಮ ಮೊಮ್ಮಗಳು ಡಾಕ್ಟರ್ ಓದಾಕಿ, ಎಣ್ಣಿ ತಪ್ಪು ಅಂತಾಳ. ಊಟಾ ತಪ್ಪು ಅಂತಾಳ. ಊರ ಮಂದಿಗಿ ಹಾಕಿ ಹಾಕಿ ಮನಿ ಜ್ವಾಳ ಆಷಾಢಕ್ಕೇ ತೀರ್ತದ. ಹೆಸರು ಯಾರ್ದು? ಧೊಂಡಿಬಾಂದು. ರಟ್ಟಿ ಯಾರ್ದು?"

"ಸಣ್ಣ ಮಾತು ಆಡಬ್ಯಾಡ. ಹೊರಗ ಮಂದಿ ಕುಂತಾರ."

"ಕೇಳಲಿ ಬಿಡ್ರಿ. ಮದ್ದಿಗಿ ಬರ್ತಾರೋ ಖಾನಾವಳಿಗಿ ಬರ್ತಾರೋ, ಅವರಿಗೂ ಗೊತ್ತಾಗಲಿ."

ಹದಿನಾರೂ ಜನರಿಗೆ ನೀಡಿ, ತಟ್ಟೆ ತೊಳೆದಿಟ್ಟು, ಸೀರೆ ಬದಲಿಸಿ, ಸಿದ್ದೇಶ್ವರಿ ಬಸ್ ಹತ್ತಿದಳು. ಭಾಲ್ಕಿಯಲ್ಲಿ ಅವಳ ತವರು. ಹೋಗುವಾಗ ಬಾಗಿಲಲ್ಲಿ ಧೊಂಡಿಬಾ ಇದ್ದ. ಅವತ್ತು ಅವನು ಪ್ರಶ್ನೆ ಕೇಳಿಯೇ ಇರಲಿಲ್ಲ. ಈಗಲಾದರೂ ಕೇಳುತ್ತಾನೇನೋ ಎಂಬಂತೆ ಬಾಯಿ ತೆರೆದ. ಅವಳು ಮುಖ ತಿರುಗಿಸಿ ನಡೆದಳು.

ಭಾಲ್ಕಿಯಲ್ಲಿ ಮೊದಲ ನಾಲ್ಕು ದಿನ ಸುಖವಾಗಿದ್ದವು. ಐದನೆಯ ದಿನ ಅಣ್ಣನ ಹೆಂಡತಿ, "ನಿನ್ನ ಕೈ ರೊಟ್ಟಿ ಭಾಳ ಮೆತ್ತಗ ಆಗ್ತಾವ ನೋಡು," ಎಂದು ಹೊಗಳಿ ಹಿಟ್ಟಿನ ಪರಾತ ಮುಂದಿಟ್ಟಳು. ಎಂಟನೆಯ ದಿನ ಅಣ್ಣ, ಶಿವಕಾಂತ ಫೋನ್ ಮಾಡಿದ್ದನೇನು ಎಂದು ಎರಡು ಸಲ ವಿಚಾರಿಸಿದ. ಹನ್ನೊಂದನೆಯ ದಿನ ಶಿವಕಾಂತನೇ ಬಂದ. ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದ:

"ನಡಿ, ಮನಿಗಿ ಹೋಗಮ. ಊಟಾ ಬಂದ್ ಮಾಡೀವಿ."

"ಮಾವಗ ಕೇಳಿದ್ರ್ಯಾ?"

"ಕೇಳಿದೆ. ಸಿದ್ದವ್ವಗ ಬ್ಯಾಸರ ಆಗಿದ್ರ ಬಿಡಲಿ ಅಂದ."

"ಮತ್ತೇನಂದ್ರು?"

"ಮತ್ತೇನೂ ಅನ್ನಲಿಲ್ಲ. ಅವ್ವ ಜರಾ ಅತ್ತಳು. ಆಕೀದು ಬಿಡು, ಹೊಗಿ ಆದ್ರೂ ಅಳ್ತಾಳ."

ಗೆದ್ದೆ ಎಂದುಕೊಂಡು ಸಿದ್ದೇಶ್ವರಿ ಮನೆಗೆ ಬಂದಳು. ಅಂದಿನಿಂದ ಗುರುವಾರಗಳು ಹಗುರವಾದವು. ರೋಗಿಗಳು ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದರು, ಮದ್ದು ಕುಡಿಯುತ್ತಿದ್ದರು, ಅದೇ ಮೋಟರ್ ಸೈಕಲ್ಲಿಗೆ, ಅದೇ ಟಂಟಂಗೆ ವಾಪಸ್ಸು ಹೋಗುತ್ತಿದ್ದರು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಧೊಂಡಿಬಾ ಈಗ ಅವರನ್ನೇ ಬಾಯಿಬಿಟ್ಟು ಕೇಳುತ್ತಿದ್ದ: ಹೊಟ್ಟೆ ಹೇಗಿದೆ, ನೋವಿದೆಯೇ, ಬಯಲಕಡೆ ಹೇಗಾಗುತ್ತದೆ. ದೂರದಿಂದ ಬಂದವರು, ಎಲ್ಲಿ ಮದ್ದು ಕೊಡದೆ ಕಳಿಸಿಬಿಡುತ್ತಾನೋ ಎಂದು, ಎಲ್ಲ ಆರಾಮದ ಎನ್ನುತ್ತಿದ್ದರು. ಅಡುಗೆಮನೆಯ ಬಾಗಿಲಿಗೆ ಅವನು ಬರುವುದು ನಿಂತುಹೋಯಿತು. ಕೇಳಲು ಏನಿತ್ತು?

ಜಿಜಾಬಾಯಿ ಬಂದದ್ದು ಭಾದ್ರಪದದಲ್ಲಿ. ಚಿಂತಾಕಿಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ಐವತ್ತರ ಒಳಗಿನವಳು. ಔರಾದಿನ ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮಗ ವಿಶ್ವಾಸ ಮೋಟರ್ ಸೈಕಲ್ಲಿನ ಮೇಲೆ ಕರೆತಂದಿದ್ದ. ಮದ್ದು ಕುಡಿದು, ಬಾಯಿ ಒರೆಸಿಕೊಂಡು, ಜಿಜಾಬಾಯಿ ಅಡುಗೆಮನೆಗೆ ಇಣುಕಿದಳು.

"ಊಟಾ ಇಲ್ಲೇನ್ರಿ ಅಕ್ಕಾ ಈಗ? ನಮ್ಮತ್ತಿಗಿ ಕಾಮಣಿ ಆದಾಗ ನಾ ಕರಕೊಂಡು ಬಂದಿದ್ದೆ. ನೀವೇ ನೀಡಿದ್ರಿ. ಆ ಬ್ಯಾಳಿ ರುಚಿ ಇನ್ನೂ ಬಾಯಾಗ ಅದ."

ಸಿದ್ದೇಶ್ವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ನಿಲ್ಲಿಸೀವ್ರಿ. ನನಗ ಒಬ್ಬಾಕಿಗಿ ಆಗವಲ್ದು."

"ಛಲೋ ಮಾಡಿದ್ರಿ. ನಾ ದಿನಾ ಇನ್ನೂರು ಮಕ್ಕಳಿಗಿ ಮಾಡ್ತೇನಿ, ಮನಿಗಿ ಹೋದ್ರ ಒಲಿ ಕಂಡ್ರ ಸಿಟ್ಟು ಬರ್ತದ. ನಮ್ಮ ವಿಶ್ವಾಸ ಏನಂತಾನ ಗೊತ್ತದೇನ್ರಿ? ಅವ್ವಾ, ಸಾಲಿ ಮಕ್ಕಳಿಗಿ ನಗಕೋತ ನೀಡ್ತಿ, ನನಗ ಬೈಕೋತ ನೀಡ್ತಿ ಅಂತಾನ."

ಇಬ್ಬರೂ ನಕ್ಕರು. ನಗುವಾಗ ಜಿಜಾಬಾಯಿ ಬಲಗೈಯನ್ನು ಪಕ್ಕೆಗೆ ಒತ್ತಿ ಹಿಡಿದಳು. ಮಾತಾಡುತ್ತ ಬಳೆಯಿಂದ ಮೊಳಕೈ ತನಕ ಕೆರೆದುಕೊಳ್ಳುತ್ತಿದ್ದಳು. ಎರಡೂ ಕೈಯ ಮೇಲೆ ಬಿಳಿ ಗೀರುಗಳಿದ್ದವು. ಸಿದ್ದೇಶ್ವರಿ ಅದನ್ನು ಕಂಡಳು. ಇಪ್ಪತ್ತೊಂದು ವರ್ಷ ತಟ್ಟೆಯ ಮುಂದೆ ಕೂತವರನ್ನು ನೋಡಿ ನೋಡಿ ಅವಳ ಕಣ್ಣಿಗೆ ಇಂಥವು ತಾವಾಗಿಯೇ ಬೀಳುತ್ತಿದ್ದವು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದಳು.

ಬರಿಗೈಯಲ್ಲಿ ಕಳಿಸಲು ಮನಸ್ಸು ಒಪ್ಪದೆ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ತುಂಬಿ ಕೊಟ್ಟಳು.

"ಪಥ್ಯ ಮುಗದ ಮ್ಯಾಲ ಉಣ್ರಿ. ಈಗ ಮುಟ್ಟಬ್ಯಾಡ್ರಿ ಮತ್ತ."

ಎರಡನೆಯ ಗುರುವಾರ ಜಿಜಾಬಾಯಿಯ ಕಣ್ಣು ಇನ್ನೂ ಹಳದಿಯಾಗಿತ್ತು. ಧೊಂಡಿಬಾ ಅವಳ ಕೆಳರೆಪ್ಪೆ ಎಳೆದು ಬಹಳ ಹೊತ್ತು ನೋಡಿದ.

"ಹೊಟ್ಟಿ ಹ್ಯಾಂಗದ ತಂಗಿ? ನೋವು?"

"ಏನಿಲ್ಲರಿ ಕಾಕಾ."

"ಬಯಲಕಡಿ?"

ಪಕ್ಕದಲ್ಲಿ ಮಗ ನಿಂತಿದ್ದ. ಜಿಜಾಬಾಯಿ ಸೆರಗು ಸರಿಮಾಡಿಕೊಂಡು, "ಆಗ್ತದ್ರಿ," ಎಂದಳು.

ಧೊಂಡಿಬಾ ಅಡುಗೆಮನೆಯ ಕಡೆ ತಿರುಗಿ ನೋಡಿದ. ಸಿದ್ದೇಶ್ವರಿ ಅಕ್ಕಿ ತೊಳೆಯುತ್ತಿದ್ದಳು. ಅವನು ಏನೂ ಕೇಳಲಿಲ್ಲ. ಅವಳೂ ಏನೂ ಹೇಳಲಿಲ್ಲ. ಅವನು ಮದ್ದು ಕಲಸಿ ಕೊಟ್ಟ.

ಮೂರನೆಯ ಗುರುವಾರ ಸುಡುವ ಬಿಸಿಲಿನಲ್ಲಿ ಜಿಜಾಬಾಯಿ ಶಾಲು ಹೊದ್ದು, ಹಲ್ಲು ಕಟಕಟ ಎನ್ನಿಸುತ್ತ ಇಳಿದಳು. ಧೊಂಡಿಬಾ ಕಟ್ಟೆಯಿಂದ ಎದ್ದು ಬಂದು ಅವಳ ಮಣಿಕಟ್ಟು ಮುಟ್ಟಿದ. ಮದ್ದಿನ ಬಟ್ಟಲು ಅಲ್ಲೇ ಚೆಲ್ಲಿದ.

"ತಮ್ಮಾ, ತಡಾ ಮಾಡಬ್ಯಾಡ. ಹಿಂಗೇ ಬೀದರಿಗಿ ಕರಕೊಂಡು ಹೋಗು. ಗಾಡಿ ಮ್ಯಾಲ ಬ್ಯಾಡ, ಜೀಪ್ ಮಾಡು. ಈಗೇ."

ವಿಶ್ವಾಸ ಕರೆದುಕೊಂಡು ಹೋದ. ಸೋಮವಾರ ಚಿಂತಾಕಿಯಿಂದ ಬಂದ ಕುರಿಯ ವ್ಯಾಪಾರಿಯೊಬ್ಬ ಶಿವಕಾಂತನಿಗೆ ಸುದ್ದಿ ಹೇಳಿದ. ಬಿಸಿಯೂಟದ ಜಿಜಾಬಾಯಿ ತೀರಿಕೊಂಡಿದ್ದಳು. ಶಾಲೆಗೆ ರಜೆ ಕೊಟ್ಟಿದ್ದರು.

ಮುಂದಿನ ಗುರುವಾರ ಬದುವಿನ ಕಡೆಗೆ ಧೊಂಡಿಬಾ ಹೋಗಲಿಲ್ಲ. ಬಂದವರಿಗೆ ಶಿವಕಾಂತ, ಅಪ್ಪಗ ಆರಾಮಿಲ್ಲ ಎಂದು ಹೇಳಿ ಕಳಿಸಿದ. ಆಮೇಲಿನ ಗುರುವಾರವೂ ಅದನ್ನೇ ಹೇಳಬೇಕಾಯಿತು. ಮುದುಕ ಕಟ್ಟೆಯ ಮೇಲೆ ಕೂತು ಕುರಿಗೆ ಹಗ್ಗ ಹೊಸೆಯುತ್ತಿದ್ದ. ಇಷ್ಟು ಹಗ್ಗ ಏನು ಮಾಡುವುದು ಎಂದು ಯಾರೂ ಕೇಳಲಿಲ್ಲ.

ಹದಿನೈದು ದಿನದ ಮೇಲೆ ವಿಶ್ವಾಸ ಒಬ್ಬನೇ ಬಂದ. ಜಗಳಕ್ಕೆ ಬಂದನೆಂದು ಶಿವಕಾಂತ ಎದ್ದು ನಿಂತ. ಹುಡುಗ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಸಿದ್ದೇಶ್ವರಿಯ ಕೈಗೆ ಕೊಟ್ಟ.

"ನಿಮ್ಮ ಡಬ್ಬಿ ಅಕ್ಕಾ. ಕೊಟ್ಟು ಬಾ ಅಂತ ದವಾಖಾನ್ಯಾಗೂ ಹೇಳಿದಳು."

ಸಿದ್ದೇಶ್ವರಿ ಮುಚ್ಚಳ ತೆಗೆದಳು. ಹಿಂಡಿ ಕೊಟ್ಟ ಹಾಗೇ ಇತ್ತು.

"ಪಥ್ಯ ಮುಗೀಲಿ ಅಂತ ಮ್ಯಾಲಿಟ್ಟಿದ್ದಳ್ರಿ."

ಸಖುಬಾಯಿ ನೀರು ತಂದುಕೊಟ್ಟಳು. ವಿಶ್ವಾಸ ಕುಡಿದು, ಕಚೇರಿಯಲ್ಲಿ ವರದಿ ಓದುವವನಂತೆ ಒಂದೇ ದನಿಯಲ್ಲಿ ಹೇಳಿದ:

"ಪಿತ್ತದ ನಳಿಗ್ಯಾಗ ಹರಳು ಸಿಕ್ಕಿತ್ತಂತರಿ. ಹಿಂದ ಕೀವು ಆಗಿ ರಕ್ತಕ್ಕ ಏರಿತ್ತು. ಎರಡು ವಾರ ಮೊದಲ ಬಂದಿದ್ರ ಹರಳು ತಗದು ಮನಿಗಿ ಕಳಸ್ತಿದ್ವಿ ಅಂದ್ರು. ಮೈ ಕೆರಕೋತಿದ್ದಳೇನಂತ ಕೇಳಿದ್ರು. ಸಂಡಾಸು ಸುಣ್ಣದಂಗ ಬೆಳ್ಳಗ ಆಗ್ತಿದ್ದಿಲ್ಲೇನು, ಮನ್ಯಾಗ ಯಾರೂ ಕೇಳಲಿಲ್ಲೇನು ಅಂದ್ರು. ನಾ ಗಂಡು ಮಗ, ಅವ್ವಗ ಏನಂತ ಕೇಳಲಿ, ಕಾಕಾ?"

ಧೊಂಡಿಬಾ ಮುಂದಿನ ನೆಲ ನೋಡುತ್ತಿದ್ದ. ಸಖುಬಾಯಿ ಖಾಲಿ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಮುಂಚೆಯಾಗಿದ್ದರೆ ಅದೇ ತಂಬಿಗೆ ಹಿಡಿದು ಅವಳು ಜಿಜಾಬಾಯಿಯ ಹಿಂದೆ ಬಯಲಿಗೆ ಹೋಗುತ್ತಿದ್ದಳು.

"ನಿಮಗ ಬೈಯಲಿಕ್ಕೆ ಬಂದಿಲ್ಲರಿ," ಎಂದ ವಿಶ್ವಾಸ. "ಮದ್ದಿಗಿ ಕರಕೊಂಡು ಬಂದಾವ ನಾನೇ."

ಡಬ್ಬಿ ಸಿದ್ದೇಶ್ವರಿಯ ಕೈಯಲ್ಲಿತ್ತು. ಅವಳಿಗೆ ಬಳೆ, ಮೊಳಕೈ, ಬಿಳಿ ಗೀರುಗಳು ಕಂಡವು. ಆದರೂ ಅದಕ್ಕೂ ತಾನು ನಿಲ್ಲಿಸಿದ ಊಟಕ್ಕೂ ಇದ್ದ ನಂಟು ಅವತ್ತಿಗೆ ಪೂರ್ತಿ ತಿಳಿಯಲಿಲ್ಲ. ತಿಳಿದದ್ದು ದಸರೆ ಆದ ಮೇಲೆ, ಔರಾದಿನಲ್ಲಿ.

ಸಪನಾ ಬಿಳಿ ಏಪ್ರನ್ ಹೊಲಿಸಿಕೊಡಲು ಹೇಳಿದ್ದಳು. ಅಂಗಡಿ ಅಂಗಡಿ ತಿರುಗಿ ಕಡೆಗೆ ಒಳಗೆ ಕಾಲಿಟ್ಟ ಅಂಗಡಿಯಲ್ಲಿ ಮೆಷಿನ್ನಿನ ಹಿಂದೆ ಕೂತಿದ್ದವನು ಅಬ್ದುಲ ಸಮದ. ಗುರುತು ಹಿಡಿದು ಎದ್ದು ಸ್ಟೂಲ್ ಹಾಕಿದ.

"ಬರ್ರಿ ಭಾಭಿ, ಕೂಡ್ರಿ. ಧೊಂಡಿಬಾ ಚಾಚಾ ಖೈರಿಯತ್ತಾ? ನಾ ಬರಬೇಕಂತ ಅನ್ಕೊಂಡೇ ಉಳದೆ."

"ಸಿಟ್ಟಾಗಿ ಹೋಗಿದ್ರಿ ಅಂತ ತಿಳಿದಿದ್ದೆ. ಉಣ್ಣಿಸಿ, ಮದ್ದು ಕೊಡದೆ ಕಳಿಸಿದ್ರಲ್ಲ."

"ಸಿಟ್ಟಾಗಿದ್ದೆ, ಖರೇ. ಮೂರನೇ ದಿನ ಬೀದರಿನಾಗ ಆಪರೇಷನ್ ಆತು. ಪಥರಿ, ಪಿತ್ತದಾಗ ಹರಳು." ಅವನು ಅಂಗಿ ಎತ್ತಿ ಗಾಯದ ಗುರುತು ತೋರಿಸಹೋಗಿ, ಎದುರಿಗಿರುವವಳು ಹೆಂಗಸೆಂದು ನೆನಪಾಗಿ ಬಿಟ್ಟ. "ಯಾರು ಕಳಿಸಿದ್ರು ಅಂತ ಡಾಕ್ಟರ್ ಸಾಬ್ ಕೇಳಿದ್ರು. ಎಕಂಬಾದಾಗ ಒಬ್ಬ ಚಾಚಾ ಎಣ್ಣಿ ಉಣ್ಣಿಸಿ ನೋಡಿ ಕಳಿಸಿದ ಅಂದೆ. ನಕ್ಕರು. ನಕ್ಕು, ನಿನ್ನ ಚಾಚಾಗ ಸಲಾಮ್ ಹೇಳು ಅಂದ್ರು. ಆ ಬ್ಯಾಳಿ ಮ್ಯಾಲಿನ ಎಣ್ಣಿ ಹೊಟ್ಟಿಗಿ ಬಿದ್ದ ಕೂಡಲೇ ಇಲ್ಲಿ ಚಾಕು ಹಾಕಿದಂಗಾತು, ಭಾಭಿ. ನಿಮ್ಮ ಅಡಗಿ ಕೆಟ್ಟಿದ್ದಿಲ್ಲ."

ಸಿದ್ದೇಶ್ವರಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಮಗಳಿಗೆ ಫೋನ್ ಹಚ್ಚಿದಳು. ಜಿಜಾಬಾಯಿಯ ವಿಷಯವನ್ನೂ ದರ್ಜಿಯ ಮಾತನ್ನೂ ಹೇಳಿದಳು.

"ಅವ್ವಾ," ಎಂದಳು ಸಪನಾ, "ಮುತ್ಯಾ ಬಯಲಿಗಿ ಹಿಂದ ಹೋಗ್ತಿದ್ದನಲ್ಲ, ಅದು ಮಲ, ಮೂತ್ರ. ರೆಪ್ಪಿ ಎಳೆದು ನೋಡ್ತಿದ್ದ, ಅದು ದೃಕ್. ಎಂಟೂ ಮಾಡ್ತಿದ್ದ. ನಾ ಅವನ ಮುಂದೇ ಕುಂತು ಬಾಯಿಪಾಠ ಮಾಡಿದೆ."

"ಊಟಾ ತಪ್ಪು ಅಂತ ನೀ ಹೇಳಿದಿ."

"ಹೇಳಿದೆ. ನೀ ಅದನ್ನೇ ಹೇಳಲಿ ಅಂತ ಕೇಳಿದಿ."

ಸಿದ್ದೇಶ್ವರಿ ಫೋನ್ ಇಟ್ಟು ಎಕಂಬಾದ ಬಸ್ ಹತ್ತಿದಳು.

ಮನೆಗೆ ಬಂದವಳೇ ಕಟ್ಟೆಯ ಮುಂದೆ ನಿಂತಳು. ಧೊಂಡಿಬಾ ಹಗ್ಗ ಹೊಸೆಯುತ್ತಿದ್ದ. ಸಖುಬಾಯಿ ಪಕ್ಕದಲ್ಲಿ ತೊಗರಿ ಕಾಯಿ ಸುಲಿಯುತ್ತಿದ್ದಳು.

"ಮಾವಾ, ಎಣ್ಣಿ ಯಾಕ ಹಾಕಸ್ತಿದ್ರಿ ಅಂತ ನನಗ ಯಾಕ ಹೇಳಲಿಲ್ಲರಿ?"

ಮುದುಕ ತಲೆಯೆತ್ತಲಿಲ್ಲ.

"ನಮ್ಮ ದೊಡ್ಡಪ್ಪ ನನಗೂ ಹೇಳಲಿಲ್ಲ. ಮೂರು ವರ್ಷ ಎಲಿ ತೋರಿಸಲಿಲ್ಲ ಅವ. ಬರೀ ನೀಡಸ್ತಿದ್ದ. ನೀಡಿ ಬಂದ ಮ್ಯಾಲ ಕೇಳ್ತಿದ್ದ, ಯಾರು ಹ್ಯಾಂಗ ಉಂಡರು ಅಂತ. ಮೊದಲ ಮೊದಲ ನಾ, ಎಲ್ಲಾರೂ ಛಲೋ ಉಂಡರು ಅಂತಿದ್ದೆ. ಬೈತಿದ್ದ. ಹೋಗ್ತ ಹೋಗ್ತ ಕಣ್ಣು ಹತ್ತಿತು. ಒಂದಿನ ನಾನೇ ಅಂದೆ, ದೊಡ್ಡಪ್ಪಾ, ಇವ ಉಳಿಯೂದಿಲ್ಲ, ಇವನಿಗಿ ಮದ್ದು ಕೊಡಬ್ಯಾಡ. ಮರುದಿನ ಬದುವಿಗಿ ಕರಕೊಂಡು ಹೋಗಿ ಎಲಿ ತೋರಿಸಿದ. ಎಲಿ ಏನದ? ಎಲ್ಲಾರ ಹೊಲದಾಗೂ ಬೆಳೀತದ."

ಅವನು ಹಗ್ಗದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡ.

"ಶಿವಕಾಂತಗ ಕುರಿ ಹೊರತು ಕಣ್ಣಿಲ್ಲ. ನಿನಗ ಅದ. ನೀ ಬಂದ ವರ್ಷದಿಂದನೇ ಕೇಳ್ಕೋತ ಬಂದೀನಿ. ನಿನ್ನಂಗ ಹೇಳಾವ್ರು ಇಲ್ಲ. ಆ ದರ್ಜಿ ಪಕ್ಕಿ ಹಿಡಿದಿದ್ದು ನಾ ನೋಡಿದ್ದಿಲ್ಲ, ನೀ ನೋಡಿದ್ದಿ. ಎಂದಾರ ಒಂದಿನ ಬಂದು ನೀನೇ, ಇವರಿಗಿ ಕೊಡಬ್ಯಾಡ್ರಿ ಅಂತೀ ಅಂತ ಕಾದೆ."

ಸಿದ್ದೇಶ್ವರಿ ಕಂಬ ಹಿಡಿದು ಕೂತಳು. ವಿಚಾರಣೆ ಎಂದು ಅವಳು ತಿಳಿದದ್ದು ಪಾಠವಾಗಿತ್ತು. ಇಪ್ಪತ್ತೊಂದು ವರ್ಷ ಗೊಣಗುತ್ತಲೇ ಕಲಿತಿದ್ದಳು. ಕಲಿತು, ತಾನೇ ಶಾಲೆ ಮುಚ್ಚಿಸಿ, ಗೆದ್ದೆ ಎಂದು ಭಾಲ್ಕಿಯಿಂದ ನಗುತ್ತ ಬಂದಿದ್ದಳು.

"ಊಟದ ಮಾತು ನಾ ಕೇಳಿದ ದಿನರೆ ಹೇಳಬೇಕಿತ್ತು," ಎಂದಳು.

"ಹೇಳಬೇಕಿತ್ತು," ಎಂದ ಧೊಂಡಿಬಾ. "ಮೊಮ್ಮಗಳು ಮುಂದ ಕುಂತಿದ್ದಳು. ಆಕಿ ಪುಸ್ತಕ ಓದ್ಯಾಳ, ನನಗೇನು ಬರ್ತದ ಅಂತ ಸಿಟ್ಟು ಬಂತು. ಸಿಟ್ಟಿಗಿ ಸುಮ್ಮನ ಕುಂತೆ. ಮದ್ದು ಕೊಡೂದರೆ ಬಿಡಬೇಕಿತ್ತು, ಅದನ್ನೂ ಬಿಡಲಿಲ್ಲ. ಮಂದಿ ಬರ್ತಾರ, ಹೆಂಗ ಇಲ್ಲ ಅನ್ನಲಿ ಅಂದೆ. ಆಕಿದು ಎರಡನೇ ವಾರದಾಗೇ ನನಗ ಸಂಶಯ ಬಂದಿತ್ತು, ಸಿದ್ದವ್ವಾ. ಕಣ್ಣು ತಿಳಿ ಆಗಿದ್ದಿಲ್ಲ. ಆದ್ರೂ ಕೊಟ್ಟೆ."

ಸಖುಬಾಯಿ ಸುಲಿದ ಕಾಳನ್ನು ಮಡಿಲಿನಿಂದ ಬುಟ್ಟಿಗೆ ಸುರಿದಳು.

"ಆಕಿಗಿ ಬಯಲಿಗಿ ಕರಕೊಂಡು ಹೋಗ್ತಿದ್ದೆ ನಾನು. ಹತ್ತು ನಿಮಿಷದ ಕೆಲಸ. ಮತ್ತ ಸೊಸಿ ತವರಿಗಿ ಹೋದಾಳು ಅಂತ ಅಂಜಿ ಬಾಯಿ ಮುಚಕೊಂಡಿದ್ದೆ."

ಅವಳು ಅದನ್ನು ಚುಚ್ಚಿ ಹೇಳಲಿಲ್ಲ. ಚುಚ್ಚಿ ಹೇಳಿದ್ದರೆ ಸಿದ್ದೇಶ್ವರಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ದೀಪಾವಳಿ ಮುಗಿದ ಮೇಲಿನ ಒಂದು ಗುರುವಾರ ಬಗದಲದಿಂದ ಗಂಡ ಹೆಂಡತಿ ಬಂದರು. ಮದ್ದು ನಿಂತ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಗಂಡನ ಕಣ್ಣು ಅರಿಶಿನ ಬಳಿದ ಹಾಗಿತ್ತು. ಶಿವಕಾಂತ ಬಾಗಿಲಲ್ಲೇ, "ಅಪ್ಪ ಈಗ ಕೊಡೂದಿಲ್ಲರಿ," ಎಂದ. ಒಳಗಿಂದ ಸಿದ್ದೇಶ್ವರಿ ಹೊರಗೆ ಬಂದಳು.

"ದೂರದಿಂದ ಬಂದೀರಿ. ಕೂಡ್ರಿ, ಉಂಡು ಹೋಗ್ರಿ."

ಶಿವಕಾಂತ ಅವಳನ್ನೇ ನೋಡಿದ. ಅವಳು ಒಲೆ ಹೊತ್ತಿಸಿದಳು. ಎರಡು ರೊಟ್ಟಿ, ಬೇಳೆ, ಬೇಳೆಯ ಮೇಲೆ ಒಂದು ಚಮಚ ಕುಸುಬಿ ಎಣ್ಣೆ. ತಟ್ಟೆ ಇಟ್ಟು ಒಳಗೆ ಹೋಗದೆ ಕಂಬಕ್ಕೆ ಒರಗಿ ನಿಂತಳು. ಹೆಂಡತಿ ನಾಚಿ ಎರಡು ತುತ್ತು ಉಂಡಳು. ಗಂಡ ಬಾಗಿ ಕೂತು ಉಂಡ, ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ, ತಟ್ಟೆಯನ್ನು ಬೆರಳಿನಿಂದ ಒರೆಸಿದ. ಒಂದು ತಾಸು ಮರದ ಕೆಳಗೆ ಕೂತು ಹೆಂಡತಿಯೊಂದಿಗೆ ಎಮ್ಮೆಯ ವಿಷಯ ಮಾತಾಡಿದ.

ಸಿದ್ದೇಶ್ವರಿ ಹಿತ್ತಲಿಗೆ ಹೋದಳು. ಧೊಂಡಿಬಾ ಅಲ್ಲಿ ಹಗ್ಗದ ಸುರುಳಿಗಳ ನಡುವೆ ಕೂತಿದ್ದ. ಅವನು ಕೇಳಲಿ ಎಂದು ಸ್ವಲ್ಪ ಹೊತ್ತು ನಿಂತಳು. ಅವನು ಕೇಳಲಿಲ್ಲ.

"ಬಗದಲದವರು ಬಂದಾರ," ಎಂದಳು. "ಮೂರು ರೊಟ್ಟಿ ಉಂಡ. ಎಣ್ಣಿ ತ್ರಾಸ ಕೊಡಲಿಲ್ಲ. ಪಕ್ಕಿ ಹಿಡೀಲಿಲ್ಲ. ಮೈ ಕೆರಕೊಳ್ಳಲಿಲ್ಲ. ಬಯಲಿಗಿ ಹೋಗಿ ಬಂದ, ನಿಮ್ಮ ಮಗನಿಗಿ ಹಿಂದ ಕಳಿಸಿದ್ದೆ. ಹಳದಿನೇ ಆಗ್ಯಾದ ಅಂದ್ರು. ಇವಗ ನಿಮ್ಮ ಮದ್ದು ನಡೀತದ, ಮಾವಾ."

ಧೊಂಡಿಬಾನ ಕೈ ನಿಂತಿತು. ಅವನು ಸೊಸೆಯ ಮುಖವನ್ನು ನೋಡಿದ.

"ಇವತ್ತ ನಾ ಕೇಳಲಿಲ್ಲ. ನೀನೇ ಬಂದು ಹೇಳಿದಿ," ಎಂದ.

"ಹೂಂರಿ."

"ಬರೋಬರ್ ಹೇಳಿದಿ."

ಅವನು ಎದ್ದೇಳುತ್ತಾನೆ ಎಂದುಕೊಂಡಳು. ಮುದುಕ ಬದುವಿನ ಕಡೆ ಒಮ್ಮೆ ನೋಡಿ, ಮತ್ತೆ ಹಗ್ಗ ಕೈಗೆತ್ತಿಕೊಂಡ.

"ಆದ್ರೂ ಬೀದರಿಗಿ ಹೋಗಂತ ಹೇಳು. ಅಲ್ಲಿ ರಕ್ತ ನೋಡ್ತಾರ. ನನ್ನ ಕೈ ಈಗ ನಂಬೂ ಹಂಗ ಇಲ್ಲ."

ಸಿದ್ದೇಶ್ವರಿ ಹೊರಗೆ ಬಂದು ಬಗದಲದವರಿಗೆ ಬೀದರಿನ ಬಸ್ಸಿನ ಹೊತ್ತು ಹೇಳಿದಳು. ದವಾಖಾನೆಯಲ್ಲಿ ಏನೇನು ಹೇಳಬೇಕು ಎಂಬುದನ್ನೂ ಹೇಳಿಕೊಟ್ಟಳು: ಎಷ್ಟು ದಿನವಾಯಿತು, ಊಟ ಹೇಗೆ, ಬಯಲಕಡೆ ಹೇಗೆ. ನಾಚಬೇಡಿ, ಕೇಳದಿದ್ದರೂ ಹೇಳಿ ಎಂದಳು. ಅವರು ಹೋದ ಮೇಲೆ ತಟ್ಟೆಗಳನ್ನು ಬಚ್ಚಲಿಗೆ ಒಯ್ದಳು. ಬಗದಲದವನ ತಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಅದನ್ನು ತೊಳೆಯುವ ಮೊದಲು ಅವಳು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದಳು.